ನಂಬರ್ ಪ್ಲೇಟಿನ ಅಕ್ಷರಕ್ಕೆ ಇಂಗ್ಲಿಷ್ ಪದ ಹುಡುಕುವುದು ಹೇಗೆ?

ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಆಟೊ ನಿಂತರೆ ಅಕ್ಕನ ಮಗಳು ಆಟ ಶುರು ಮಾಡುತ್ತಾಳೆ. ಮುಂದಿನ ಗಾಡಿಯ ನಂಬರ್ ಪ್ಲೇಟ್ ನೋಡಬೇಕು, ಅದರಲ್ಲಿರುವ ಅಕ್ಷರಗಳಿಗೆ ಇಂಗ್ಲಿಷ್ ಪದ ಹೇಳಬೇಕು, ಹಸಿರು ದೀಪ ಬರುವುದರೊಳಗೆ. ಮೊದಲ ದಿನ ಸಿಕ್ಕಿದ್ದು ಕೆಎ 05 ಎಂಎನ್. ನಾನು 'ಮ್ಯಾನ್' ಅಂದೆ. ಅವಳು 'ಮಿಲ್ಕ್‌ಮ್ಯಾನ್' ಅಂದಳು. ಅದರಲ್ಲಿ ಎಲ್ ಎಲ್ಲಿಂದ ಬಂತು ಅಂತ ನಾನು, ನಿನ್ನ ಪದದಲ್ಲಿ ಕೆ ಎಲ್ಲಿ ಹೋಯಿತು ಮಾಮಾ ಅಂತ ಅವಳು. ಜಗಳ ಜಯನಗರ ಬರುವವರೆಗೂ ಮುಗಿಯಲಿಲ್ಲ.

ಯಾಕೆ ಅಂದರೆ ಇಬ್ಬರೂ ಬೇರೆ ಬೇರೆ ಆಟ ಆಡುತ್ತಿದ್ದೆವು. ಹಾಗಾಗಿ ಮೊದಲು ಮಾಡಬೇಕಾದ ಕೆಲಸ, ಯಾವ ಪ್ರಶ್ನೆ ಕೇಳುತ್ತಿದ್ದೇವೆ ಅಂತ ತೀರ್ಮಾನ ಮಾಡಿಕೊಳ್ಳುವುದು.

ಕೊಟ್ಟ ಅಕ್ಷರ ಬಿಟ್ಟು ಬೇರೆ ಯಾವುದನ್ನೂ ಮುಟ್ಟಬಾರದು ಅನ್ನುವುದು ಒಂದು ಬಗೆ. ಕೆ, ಎ, ಎಂ, ಎನ್ ಇಟ್ಟುಕೊಂಡು ಹಾಗೆ ಹೊರಟರೆ 'ಮ್ಯಾನ್' ಬಿಟ್ಟು ಹೆಚ್ಚೇನೂ ಹುಟ್ಟುವುದಿಲ್ಲ. ಎಲ್ಲ ಅಕ್ಷರಗಳೂ ಇರಬೇಕು, ಜೊತೆಗೆ ಬೇರೆಯವೂ ಬರಬಹುದು ಅನ್ನುವುದು ಎರಡನೆಯದು. ಇಲ್ಲಿ ಬಾಗಿಲು ದೊಡ್ಡದು: ಮಿಲ್ಕ್‌ಮ್ಯಾನ್, ಮಾರ್ಕೆಟಿಂಗ್, ಮ್ಯಾನ್‌ಕೈಂಡ್. ಅಕ್ಷರಗಳು ಅದೇ ಕ್ರಮದಲ್ಲಿ ಅಂಟಿಕೊಂಡೇ ಇರಬೇಕು ಅನ್ನುವುದು ಮೂರನೆಯದು. ಇನ್ನೊಂದರಲ್ಲಿ ಜಾಗವೇ ಗೊತ್ತಿರುತ್ತದೆ, ಐದಕ್ಷರದ ಪದ, ಎರಡನೆಯದು ಎಚ್, ಕೊನೆಯದು ಇ, ಹೀಗೆ. ಜಾಶ್ ವಾರ್ಡಲ್ ಎಂಬಾತ 2021ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ಬಿಟ್ಟ ವರ್ಡಲ್ ಆಟದಲ್ಲಿ ಹೆಚ್ಚಾಗಿ ಬೇಕಾಗುವುದು ಇದು.

ಒಂದೇ ಅಕ್ಷರವನ್ನು ಎರಡು ಸಲ ಬಳಸಬಹುದಾ ಅನ್ನುವುದನ್ನೂ ಮೊದಲೇ ಕೇಳಿಕೊಳ್ಳಿ. ಸ್ಕ್ರ್ಯಾಬಲ್‌ನಲ್ಲಿ ಕೈಯಲ್ಲಿ ಅಕ್ಷರದ ಬಿಲ್ಲೆ ಎಷ್ಟಿದೆಯೋ ಅಷ್ಟೇ. ನ್ಯೂಯಾರ್ಕ್ ಟೈಮ್ಸ್‌ನ ಸ್ಪೆಲಿಂಗ್ ಬೀ ಎಂಬ ಪದಗಳ ಆಟದಲ್ಲಿ ಎಷ್ಟು ಸಲ ಬೇಕಾದರೂ.

ಇನ್ನು ಹುಡುಕಾಟ. ನಾವು ಕನ್ನಡದವರು ಇಲ್ಲಿ ಎಡವುವುದಕ್ಕೆ ಒಂದು ಕಾರಣ ಇದೆ. ಕನ್ನಡದಲ್ಲಿ ಹೆಚ್ಚುಕಮ್ಮಿ ಹೇಳಿದಂತೆ ಬರೆಯುತ್ತೇವೆ, ಹಾಗಾಗಿ ಪದ ಹುಡುಕುವಾಗ ಸುಮ್ನೆ ಕಿವಿಗೆ ಕೆಲಸ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಕಿವಿ ಕೈಕೊಡುತ್ತದೆ. ಎಂ ಪಕ್ಕದಲ್ಲೇ ಎನ್ ಇರುವ ಪದ ಹೇಳಿ ನೋಡೋಣ? ತಕ್ಷಣ ಹೊಳೆಯುವುದಿಲ್ಲ, ಅಲ್ವಾ. ಆದರೆ ನೀವು ಓದುತ್ತಿರುವ ಪತ್ರಿಕೆಯಲ್ಲೇ ಇದೆ: ಕಾಲಂ. ಕೊನೆಗೊಂದು ಎನ್ ಇದೆ, ನಾವು ಕನ್ನಡಕ್ಕೆ ತಂದುಕೊಳ್ಳುವಾಗ ಅದನ್ನು ಹೊರಗೇ ಬಿಟ್ಟು ಬಂದಿದ್ದೇವೆ. ಹಳೇ ಸ್ಕೂಟರ್ 'ಕಂಡಂ' ಆಯಿತು ಅಂತೀವಲ್ಲ, ಆ ಪದದ ಬಾಲದಲ್ಲೂ ಎನ್ ಇದೆ. ಕೆ ಅಂತೂ ಎರಡು ಕಡೆ ಮೋಸ ಮಾಡುತ್ತದೆ. ಕಾಲಂ, ಕಂಡಂ, ಸ್ಕೂಲ್ ಮೂರರಲ್ಲೂ 'ಕ' ಕೇಳಿಸುತ್ತದೆ, ಒಂದರಲ್ಲೂ ಕೆ ಇಲ್ಲ. ನೈಫ್ ಅನ್ನುವಾಗ ಕೇಳಿಸುವುದೇ ಇಲ್ಲ, ಆದರೆ ಮೊದಲ ಅಕ್ಷರವೇ ಅದು. ಆದ್ದರಿಂದ ಅಕ್ಷರಗಳನ್ನು ಕಾಗದದ ಮೇಲೆ ಬರೆದು ಕಣ್ಣಿನಿಂದ ಹುಡುಕಿ. ಬಾಯಲ್ಲಿ ಹೇಳಿಕೊಳ್ಳಬೇಡಿ.

ಬರೆದ ಮೇಲೆ ಅಪರೂಪದ ಅಕ್ಷರವನ್ನು ಮೊದಲು ಹಿಡಿಯಿರಿ. ಯಾವುದು ಅಪರೂಪ ಅಂತ ತಿಳಿಯಲು ಸ್ಕ್ರ್ಯಾಬಲ್ ಡಬ್ಬಿ ಸಾಕು. ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ 1930ರ ದಶಕದಲ್ಲಿ ಕೆಲಸವಿಲ್ಲದೆ ಕೂತಿದ್ದಾಗ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿ ಆ ಆಟ ಕಟ್ಟಿದ. 100 ಬಿಲ್ಲೆಗಳಲ್ಲಿ ಇ 12 ಇದೆ, ಎ ಮತ್ತು ಐ ಒಂಬತ್ತೊಂಬತ್ತು. ಕೆ, ಜೆ, ಎಕ್ಸ್, ಕ್ಯೂ, ಝಡ್ ಒಂದೊಂದೇ.

ನಮ್ಮೂರಿನ ಪ್ಲೇಟಿನಲ್ಲಿ ಕೆ ಇದ್ದೇ ಇರುತ್ತದಲ್ಲ, ಅಲ್ಲಿಂದಲೇ ಹೊರಡಬಹುದು. ಕೆಎ 03 ಟಿಆರ್ ಅಂದುಕೊಳ್ಳಿ. ಕೆ ಯಾರ ಪಕ್ಕ ಕೂರುತ್ತದೆ? ಆರ್ ಪಕ್ಕ ಕೂರಿಸಿದರೆ ಮಾರ್ಕೆಟ್. ಎನ್ ಕರೆದು ಪಕ್ಕ ಕೂರಿಸಿದರೆ ಟ್ಯಾಂಕರ್, ಬೇಸಿಗೆಯಲ್ಲಿ ಬೆಂಗಳೂರಿನವರಿಗೆ ನಿದ್ದೆಯಲ್ಲೂ ಹೊಳೆಯಬೇಕಾದ ಪದ. ಎ ಪಕ್ಕ ಇಟ್ಟು ನೋಡಿದರೆ ಬ್ರೇಕ್‌ಫಾಸ್ಟ್. ಅಕ್ಷರಗಳಿಗೆ ಹೀಗೆ ಖಾಯಂ ಜೋಡಿಗಳಿರುತ್ತವೆ. ಟಿ-ಎಚ್, ಎಸ್-ಎಚ್, ಸಿ-ಕೆ, ಕ್ಯೂ ಹಿಂದೆ ಯು. ಬಾಲಗಳೂ ಗೊತ್ತಿರುವಂಥವೇ: ಐ-ಎನ್-ಜಿ, ಇ-ಆರ್, ಎಂ-ಇ-ಎನ್-ಟಿ. ಬಾಲ ಕತ್ತರಿಸಿ ಪಕ್ಕಕ್ಕಿಟ್ಟರೆ ಉಳಿದ ಅಕ್ಷರ ಕಡಿಮೆ, ತಲೆನೋವೂ ಕಡಿಮೆ.

ಮೊದಲನೆಯ ಬಗೆಗೆ, ಅಂದರೆ ಅಕ್ಷರ ಅದಲುಬದಲು ಮಾಡುವುದಕ್ಕೆ, ಸಾಲಾಗಿ ಬರೆಯದೆ ಗುಂಡಗೆ ಬರೆಯಿರಿ. ಸಾಲಿನಲ್ಲಿದ್ದರೆ ಕಣ್ಣು ಹಳೇ ಪದವನ್ನೇ ಓದುತ್ತಿರುತ್ತದೆ. ಒಂದು ಪದ ಇನ್ನೊಂದರ ಅದಲುಬದಲು ಹೌದೋ ಅಲ್ಲವೋ ಅಂತ ಅನುಮಾನ ಬಂದರೆ ಎರಡನ್ನೂ ಎ-ಬಿ-ಸಿ ಕ್ರಮದಲ್ಲಿ ಜೋಡಿಸಿ. 'ಲಿಸನ್' ಕೊಡುವುದು ಇ-ಐ-ಎಲ್-ಎನ್-ಎಸ್-ಟಿ, 'ಸೈಲೆಂಟ್' ಕೊಡುವುದೂ ಅದೇ. ಕಂಪ್ಯೂಟರಿನಲ್ಲೂ ಈ ಉಪಾಯ ಚೆನ್ನಾಗಿ ನಡೆಯುತ್ತದೆ.

ಅವೆನ್ಯೂ ರೋಡಿನಲ್ಲಿ ಕೊಂಡ ಹಳೇ ಡಿಕ್ಷನರಿ ಪದದ ತಲೆ ಗೊತ್ತಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ, ಬಾಲ ಹಿಡಿದು ಹುಡುಕಲು ಆಗುವುದಿಲ್ಲ. ಅದಕ್ಕೇ ಜಾನ್ ವಾಕರ್ 1775ರಲ್ಲಿ ಪದಗಳನ್ನು ಕೊನೆಯ ಅಕ್ಷರದಿಂದ ಜೋಡಿಸಿದ ನಿಘಂಟು ತಂದ. ಪ್ರಾಸ ಹುಡುಕುವ ಕವಿಗಳಿಗೂ ಅದು ಬೇಕಿತ್ತು.

ಕಂಪ್ಯೂಟರ್ ಇದ್ದವರು ಜರಡಿ ಹಿಡಿಯಿರಿ. ಪದಗಳ ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿ, ಫಿಲ್ಟರ್‌ನಲ್ಲಿ 'ಕಂಟೇನ್ಸ್' ಆರಿಸಿ. ಅಲ್ಲಿ ಒಂದು ಸಲಕ್ಕೆ ಎರಡು ಷರತ್ತು ಹಾಕಬಹುದು, ನಡುವೆ 'ಆ್ಯಂಡ್' ಇರಲಿ, 'ಆರ್' ಬೇಡ. ಉಳಿದದ್ದನ್ನು ಇನ್ನೊಂದು ಶೀಟಿಗೆ ಹಾಕಿ ಮತ್ತೆ ಎರಡು. ಮ್ಯಾಕ್ ಅಥವಾ ಲಿನಕ್ಸ್ ಇದ್ದರೆ ಗ್ರೆಪ್ ಎಂಬ ಹುಡುಕುವ ಆದೇಶ ಇದೆ, ಕೆನ್ ಥಾಂಪ್ಸನ್ ಯೂನಿಕ್ಸ್‌ಗಾಗಿ ಬರೆದದ್ದು, 1973ರಿಂದ ಬಳಕೆಯಲ್ಲಿದೆ. ಒಂದೊಂದು ಅಕ್ಷರಕ್ಕೆ ಒಂದೊಂದು ಗ್ರೆಪ್, ನಡುವೆ ಪೈಪ್ ಎಂಬ ನಿಂತ ಗೆರೆ (|) ಹಾಕಿದರೆ ಆಯಿತು. ಮೊಬೈಲಿನಲ್ಲಾದರೆ ವನ್‌ಲುಕ್ ಎಂಬ ಪದ ಹುಡುಕುವ ತಾಣ ಸಾಕು. ನಕ್ಷತ್ರ ಚಿಹ್ನೆ ಹಾಕಿದ ಕಡೆ ಎಷ್ಟು ಅಕ್ಷರ ಬೇಕಾದರೂ ಬರಬಹುದು, ಪ್ರಶ್ನೆ ಚಿಹ್ನೆ ಹಾಕಿದ ಕಡೆ ಒಂದೇ. ಎಂ-ಎನ್ ಹಿಂದೆ ಮುಂದೆ ನಕ್ಷತ್ರ ಹಾಕಿ ನೋಡಿ, ಕಾಲಂ ಜೊತೆ ಚಿಮ್ನಿಯೂ ಬಂದು ಕೂರುತ್ತದೆ. ಇಂಥ ಪಟ್ಟಿಗಳಲ್ಲಿ ಯಾರೂ ಬಳಸದ ವಿಚಿತ್ರ ಪದಗಳೂ ಜಾಸ್ತಿ ಇರುತ್ತವೆ, ಅರ್ಥ ನೋಡದೆ ಆಟದಲ್ಲಿ ಹೇಳಲು ಹೋಗಬೇಡಿ.

ಮೊನ್ನೆ ಕೆಎ 01 ಜೆಬಿ ಸಿಕ್ಕಿತು. ಜೆ ಅಪರೂಪ, ಅದನ್ನೇ ಹಿಡಿದೆ. ಪಕ್ಕದಲ್ಲಿ ಎ ಇಟ್ಟೆ, ಸಿ-ಕೆ ಜೋಡಿ ತಂದೆ, 'ಜ್ಯಾಕ್' ಆಯಿತು, ಬಿ ಒಂದು ಬಾಕಿ. 'ಬ್ಲ್ಯಾಕ್‌ಜ್ಯಾಕ್' ಅಂತ ಬಾಯಿ ತೆರೆಯುವಷ್ಟರಲ್ಲಿ ಅವಳು 'ಜೈಲ್‌ಬ್ರೇಕ್' ಅಂದಳು. ದೀಪ ಇನ್ನೂ ಕೆಂಪಾಗೇ ಇತ್ತು.