ಬೆಳೆಸಾಲ ರಿನಿವಲ್: ಎರಡು ದಿನದ ಕೈಗಡ ತಪ್ಪಿಸಿಕೊಳ್ಳುವುದು ಹೇಗೆ

ಹಾವೇರಿ ಸೀಮೆಯಲ್ಲಿ ಬ್ಯಾಂಕಿನ ಕೃಷಿಸಾಲ ನೋಡಿಕೊಂಡೇ ನಿವೃತ್ತನಾದವನು ನಾನು. ಈಗಲೂ ಗಡುವು ಹತ್ತಿರ ಬಂದರೆ ಪರಿಚಯದವರ ಫೋನು: "ಸರ್, ರಿನಿವಲ್‌ಗೆ ರೊಕ್ಕ ಎಲ್ಲಿಂದ ತರೂದ್ರಿ?" ರಿನಿವಲ್ ಎಂದರೆ ವರ್ಷಕ್ಕೊಮ್ಮೆ ಹಳೆ ಬೆಳೆಸಾಲ ಕಟ್ಟಿ ಮತ್ತೆ ಹೊಸದಾಗಿ ಎತ್ತುವುದು.

ಮೊದಲು ಲೆಕ್ಕ ನೋಡಿ. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲಕ್ಕೆ 3 ಲಕ್ಷದವರೆಗೆ ಬಡ್ಡಿ ಶೇ 7. ಗಡುವಿನೊಳಗೆ ಕಟ್ಟಿದರೆ ಅದರಲ್ಲಿ ಶೇ 3 ಕೇಂದ್ರ ಸರ್ಕಾರದ್ದು, ನಿಮ್ಮ ಮೇಲೆ ಬೀಳುವುದು ಶೇ 4. ಪೂರ್ತಿ 3 ಲಕ್ಷ ವರ್ಷವಿಡೀ ಬಾಕಿಯಿದ್ದರೆ ವ್ಯತ್ಯಾಸವೇ 9,000 ರೂಪಾಯಿ. ಅದಕ್ಕೇ ಜನ ದಲ್ಲಾಳಿ ಹತ್ತಿರ ಎರಡು ದಿನಕ್ಕೆ ಕೈಗಡ ತಂದು ಕಟ್ಟಿ, ಹೊಸ ಸಾಲ ಎತ್ತಿ ಅವನಿಗೆ ಮರಳಿಸುತ್ತಾರೆ. ನೂರಕ್ಕೊಂದರಂತೆ ಅವನಿಗೆ 3,000 ಹೋದರೂ 6,000 ಉಳಿಯಿತು. ರೈತರಿಗೆ ಲೆಕ್ಕ ಬರುವುದಿಲ್ಲ ಎನ್ನುವವರು ಇದನ್ನು ನೋಡಬೇಕು. ಆದರೆ ಮುಂದಿನ ಸುಗ್ಗಿಯಲ್ಲಿ ಗೋವಿನಜೋಳ ಅದೇ ದಲ್ಲಾಳಿ ಅಂಗಡಿಗೇ ಹೋಗುತ್ತದೆ, ಅವನು ಹೇಳಿದ ದರಕ್ಕೆ. ಆ ನಷ್ಟವನ್ನು ಯಾರೂ ಬರೆದಿಡುವುದಿಲ್ಲ.

ತಪ್ಪಿಸುವ ದಾರಿ ಕಾರ್ಡಿನಲ್ಲೇ ಇದೆ. ಅದು ಒಮ್ಮೆ ಎತ್ತಿ ಒಮ್ಮೆ ಕಟ್ಟುವ ಸಾಲವಲ್ಲ. ಮಿತಿಯೊಳಗೆ ಎಷ್ಟು ಸಲವಾದರೂ ಹಾಕಬಹುದು, ತೆಗೆಯಬಹುದು. ಬಡ್ಡಿ ದಿನದ ಬಾಕಿಯ ಮೇಲೆ. ಹಾಗಾಗಿ ಮಾಲು ಮಾರಿದ ಹಣ ಉಳಿತಾಯ ಖಾತೆಯಲ್ಲಿ ಕೂಡಬಾರದು, ನೇರ ಸಾಲದ ಖಾತೆಗೆ ಹೋಗಲಿ. ಹಾಲಿನ ಬಿಲ್ಲು, ಮೆಣಸಿನಕಾಯಿ ರೊಕ್ಕ, ಎಲ್ಲವೂ. ಬೀಜ-ಗೊಬ್ಬರಕ್ಕೆ ಬೇಕಾದಾಗ ಮತ್ತೆ ತೆಗೆಯಿರಿ. ಗಡುವಿನ ಹೊತ್ತಿಗೆ ಹೊಂದಿಸಬೇಕಾದ್ದು ಕಡಿಮೆಯಿರುತ್ತದೆ.

ಇನ್ನೊಂದು ಲಾಭವಿದೆ. ಮ್ಯಾನೇಜರ್ ಎಷ್ಟೇ ಪರಿಚಯವಿರಲಿ, ಕೆಲವೇ ವರ್ಷದಲ್ಲಿ ವರ್ಗವಾಗಿ ಹೋಗುತ್ತಾರೆ. ಹೊಸಬರಿಗೆ ಕಾಣುವುದು ಖಾತೆ ಮಾತ್ರ. ವರ್ಷಕ್ಕೊಂದು ಜಮೆ, ಮರುದಿನವೇ ಅಷ್ಟೂ ವಾಪಸ್ ಎಂದಿದ್ದರೆ ಅದು ಕೈಗಡದ ಆಟ ಎಂದು ನಮಗೆ ನೋಡಿದೊಡನೆ ಗೊತ್ತಾಗುತ್ತಿತ್ತು. ಅಂಥವರು ಟ್ರ್ಯಾಕ್ಟರ್ ಸಾಲ ಕೇಳಿದಾಗ ನಾನೇ ಹಿಂದೇಟು ಹಾಕಿದ್ದಿದೆ.

ಬೆಳೆ ಹೋದರೆ ಬ್ಯಾಂಕಿನ ಕಡೆ ಮುಖ ಹಾಕದೆ ಕೂರಬೇಡಿ. ಪ್ರಕೃತಿ ವಿಕೋಪದಲ್ಲಿ ಶೇ 33 ಅಥವಾ ಹೆಚ್ಚು ಬೆಳೆಹಾನಿ ಎಂದು ಸರ್ಕಾರ ಘೋಷಿಸಿದ ಪ್ರದೇಶದಲ್ಲಿ ಸಾಲದ ಅವಧಿ ಮುಂದೂಡಲು ರಿಸರ್ವ್ ಬ್ಯಾಂಕಿನ ನಿಯಮವೇ ಅವಕಾಶ ಕೊಟ್ಟಿದೆ. ಗಡುವು ಮೀರುವ ಮೊದಲೇ ಅರ್ಜಿ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.

ಸಾಲಮನ್ನಾದ ಆಸೆಗೆ ಕಟ್ಟದೆ ಕೂತವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ರಾಜ್ಯ ಸರ್ಕಾರದ 2018ರ ಮನ್ನಾದಲ್ಲಿ ಬ್ಯಾಂಕಿನ ಬಾಕಿದಾರರಿಗೆ 2 ಲಕ್ಷದವರೆಗೆ ಸಿಕ್ಕಿತು, ಸರಿಯಾಗಿ ಕಟ್ಟಿದವರಿಗೆ ಹೆಚ್ಚೆಂದರೆ 25,000. ಆದರೂ ಅದನ್ನು ನಂಬಿ ಬಿತ್ತನೆ ಮಾಡಲಾಗದು. ಸುಸ್ತಿಯಾದವರಿಗೆ, ಅಂದರೆ ಗಡುವು ಮೀರಿ ಬಾಕಿ ಉಳಿಸಿಕೊಂಡವರಿಗೆ, ಆ ಹಂಗಾಮಿಗೆ ಹೊಸ ಸಾಲ ಹುಟ್ಟುವುದಿಲ್ಲ.

ಕಟ್ಟಿದ ಮೇಲೆ ಶೇ 3ರ ರಿಯಾಯಿತಿ ಜಮೆಯಾಗಿದೆಯೇ ಎಂದು ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ. ಬರದಿದ್ದರೆ ಬರವಣಿಗೆಯಲ್ಲೇ ಕೇಳಿ.