ಎಂಟು ವ್ಯಾಟಿನಲ್ಲಿ ಬರವಣಿಗೆ, ಹದಿನೈದರಲ್ಲಿ ಆಟ

ಹಳೇ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಹೋದಾಗ ನನ್ನ ಮುಂದೆ ಮೂರು ಖರ್ಚು ಸಾಲಾಗಿ ನಿಂತಿದ್ದವು. ಕೆಲಸಕ್ಕೆ ಕಂಪ್ಯೂಟರ್ ಬೇಕೇ ಬೇಕು. ಯಕ್ಷಗಾನ ನೋಡೋಕೆ ಟ್ಯಾಬ್ ಕೊಡಿಸ್ತೀನಿ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೆ. ಇನ್ನು ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಯಂತ್ರದ ಆಸೆ ಎರಡು ವರ್ಷದಿಂದ ಇತ್ತು. ಮೂರೂ ಬೇರೆ ಬೇರೆ ಕೊಳ್ಳುವಷ್ಟು ದುಡ್ಡಿರಲಿಲ್ಲ, ಹಾಗಾಗಿ ಮೂರಕ್ಕೂ ಸೇರಿಸಿ ಒಂದೇ ತಗೊಂಡೆ: ಲೆನೊವೊ ಲೀಜನ್ ಗೋ. 8.8 ಇಂಚಿನ ಪರದೆ, ಎರಡೂ ಬದಿಗೆ ಕಳಚಿ ತೆಗೆಯುವ ಕಂಟ್ರೋಲರ್, ಬೆನ್ನಿಗೆ ಮಡಚುವ ಸ್ಟ್ಯಾಂಡ್, ಒಳಗೆ ಪೂರ್ತಿ ವಿಂಡೋಸ್ 11. ಒಂದೂವರೆ ವರ್ಷದಿಂದ ನನ್ನ ಹತ್ತಿರ ಇರುವ ಕಂಪ್ಯೂಟರ್ ಇದೊಂದೇ.

ನಾನು ವಿಡಿಯೊಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುವವನು. ಮನೆ ಶಿವಮೊಗ್ಗ, ತಿಂಗಳಿಗೆ ಎರಡು ಮೂರು ಸಲ ಬೆಂಗಳೂರು.

ಇದನ್ನೇ ಯಾಕೆ ಆರಿಸಿದೆ ಅಂದರೆ, ಕಾರಣ ಗೇಮ್ ಅಲ್ಲ, ಒತ್ತಕ್ಷರ. ಗೆಳೆಯನೊಬ್ಬ ಅಮೆರಿಕದಿಂದ ಸ್ಟೀಮ್ ಡೆಕ್ ಅನ್ನುವ ಇಂಥದೇ ಗೇಮಿಂಗ್ ಯಂತ್ರ ತಂದಿದ್ದ, ಆಟಕ್ಕೆ ತುಂಬ ಸೊಗಸಾಗಿತ್ತು. ಅದರಲ್ಲಿ ಡೆಸ್ಕ್‌ಟಾಪ್ ತೆರೆದು ನನ್ನ ಒಂದು ಫೈಲ್ ಓದಿ ನೋಡಿದೆ. ಪರದೆ 7 ಇಂಚು, 1280x800 ಪಿಕ್ಸೆಲ್. ಅಕ್ಷರ ಸಣ್ಣದಾದಾಗ 'ಸ್ಥಾನ' ಅಂತ ಇದೆಯೋ 'ಸ್ತಾನ' ಅಂತ ಇದೆಯೋ ಕಣ್ಣು ಕಿರಿದು ಮಾಡಿ ನೋಡಬೇಕಾಯಿತು. ತ ಒತ್ತಿಗೂ ಥ ಒತ್ತಿಗೂ ಇರುವ ವ್ಯತ್ಯಾಸ ಎಷ್ಟು ಸಣ್ಣದು ಅಂತ ಕನ್ನಡ ಓದುವ ಎಲ್ಲರಿಗೂ ಗೊತ್ತು. ಅದನ್ನು ಹಿಡಿಯುವುದೇ ನನ್ನ ಕೆಲಸ. ಲೀಜನ್ ಗೋ ಪರದೆ 2560x1600, ಅಂದರೆ ಇಂಚಿಗೆ 343ರಷ್ಟು ಪಿಕ್ಸೆಲ್. ಆ 7 ಇಂಚಿನದರಲ್ಲಿ ಇಂಚಿಗೆ 216ರಷ್ಟು. ಅಂಗಡಿಯಲ್ಲಿ 'ರಾಷ್ಟ್ರ' ಅಂತ ಬರೆದು ಷ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು, ಎರಡೂ ಬಿಡಿಬಿಡಿಯಾಗಿ ಕಂಡ ಮೇಲೆ ಮನಸ್ಸು ಗಟ್ಟಿ ಮಾಡಿದೆ. ಏಸಸ್ ರಾಗ್ ಆಲೈ ಕೂಡ ನೋಡಿದ್ದೆ, ಹಗುರ, ಬೆಲೆಯೂ ಕಮ್ಮಿ, ಆದರೆ ಕಂಟ್ರೋಲರ್ ಕಳಚೋಕೆ ಬರಲ್ಲ, ಸ್ಟ್ಯಾಂಡೂ ಇಲ್ಲ, ಹಾಗಾಗಿ ಅಮ್ಮನ ಟ್ಯಾಬ್ ಆಗುತ್ತಿರಲಿಲ್ಲ. ಏಸಸ್‌ನದೇ ಫ್ಲೋ ಜ಼ಡ್13 ಅಂತ ಇದೆ, 13.4 ಇಂಚು, ಕೆಲಸಕ್ಕೆ ಅದೇ ಎಲ್ಲಕ್ಕಿಂತ ಮೇಲು. ಆದರೆ ಕೆಜಿಗಿಂತ ಜಾಸ್ತಿ ತೂಗುವುದನ್ನು ಕೈಯಲ್ಲಿ ಹಿಡಿದು ಆಡೋದು ಹೇಗೆ ಹೇಳಿ.

ಮೊದಲ ತಿಂಗಳು ನಿಜಕ್ಕೂ ಬೇಜಾರಾಗಿತ್ತು. ಫ್ಯಾನ್ ಸದ್ದು, ಬೆನ್ನು ಬಿಸಿ, ಚಾರ್ಜ್ ನಿಲ್ಲುತ್ತಲೇ ಇಲ್ಲ. ದೋಷ ನಾನು ಇಟ್ಟುಕೊಂಡ ರೀತಿಯಲ್ಲಿತ್ತು. ದುಡ್ಡು ಕೊಟ್ಟಿದ್ದೇನೆ, ಪೂರ್ತಿ ಶಕ್ತಿ ಸಿಗಲಿ ಅಂತ ಎಲ್ಲವನ್ನೂ ಮೇಲಕ್ಕೇರಿಸಿ ಇಟ್ಟಿದ್ದೆ, ಬರೆಯುವಾಗಲೂ.

ಆಮೇಲೆ ಕೂತು ವ್ಯಾಟ್ ಲೆಕ್ಕ ಹಾಕಿದೆ. ಇಂಥ ಯಂತ್ರ ಇಟ್ಟುಕೊಂಡವರು ಕಲಿಯಲೇಬೇಕಾದದ್ದು ಇದೊಂದು. ಇದರ ಬ್ಯಾಟರಿ 49.2 ವ್ಯಾಟ್-ಅವರ್. ಸತತವಾಗಿ 49.2 ವ್ಯಾಟ್ ಎಳೆದರೆ ಒಂದು ಗಂಟೆ, ಅದರ ಅರ್ಧ ಎಳೆದರೆ ಎರಡು ಗಂಟೆ, ಅಷ್ಟೇ ಗಣಿತ. ಪ್ರೊಸೆಸರಿಗೆ ಎಷ್ಟು ವ್ಯಾಟ್ ಕೊಡಬೇಕು ಅಂತ ನಾವೇ ಹೇಳಬಹುದು: ಕ್ವೈಟ್ ಮೋಡಿನಲ್ಲಿ 8, ಬ್ಯಾಲೆನ್ಸ್ಡ್‌ನಲ್ಲಿ 15, ಕಸ್ಟಮ್‌ನಲ್ಲಿ 30ರವರೆಗೂ. ಅದರ ಮೇಲೆ ಪರದೆ, ವೈಫೈ, ಫ್ಯಾನ್ ಎಲ್ಲ ತಮ್ಮ ಪಾಲು ಕೇಳುತ್ತವೆ. ನನ್ನ ಲೆಕ್ಕದಲ್ಲಿ ಬಂದದ್ದು ಇದು. 30ರಲ್ಲಿ ಆಡಿದರೆ ಒಂದು ಗಂಟೆ ದಾಟಿ ಸ್ವಲ್ಪ ಹೊತ್ತು. 15ರಲ್ಲಿ ಆಡಿದರೆ ಎರಡು ಗಂಟೆ. 8ಕ್ಕೆ ಇಳಿಸಿ ಪರದೆಯ ಬೆಳಕು ಕಮ್ಮಿ ಮಾಡಿ ಬರೀ ಬರೆಯುತ್ತಾ ಕೂತರೆ, ಪ್ರೊಸೆಸರ್ ಆ 8ನ್ನೂ ಸದಾ ಬಳಸುವುದಿಲ್ಲ, ಒಟ್ಟು 10 ವ್ಯಾಟ್ ಹತ್ತಿರ ಹೋಗುತ್ತದೆ, ಐದು ಗಂಟೆ ಹತ್ತಿರ ಬರುತ್ತದೆ. ಬರೆಯುವಾಗ 30 ವ್ಯಾಟಿನಲ್ಲಿಟ್ಟರೂ 8ರಲ್ಲಿಟ್ಟರೂ ನನಗೆ ಒಂದು ಅಕ್ಷರವೂ ಬೇಗ ಬರಲಿಲ್ಲ. ಫ್ಯಾನ್ ಮಾತ್ರ ಸುಮ್ಮನಾಯಿತು.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಕತೆ ಗೊತ್ತಲ್ಲ. ಆಗ ಈ 8 ವ್ಯಾಟ್ ದೇವರಿದ್ದ ಹಾಗೆ. 20,000 ಎಂಎಎಚ್ ಪವರ್ ಬ್ಯಾಂಕ್ ಒಂದಿದೆ, 3.7 ವೋಲ್ಟಿನ ಲೆಕ್ಕದಲ್ಲಿ 74 ವ್ಯಾಟ್-ಅವರ್, ದಾರಿಯಲ್ಲಿ ಸೋರಿ ಕೈಗೆ ಸಿಗುವುದು 60 ಅಂದುಕೊಳ್ಳಿ. ಇನ್ನೂ ಐದಾರು ಗಂಟೆಯ ಕೆಲಸ ಅದರಲ್ಲಿ ಮುಗಿಯುತ್ತದೆ. ಒಂದು ಮಾತು: ಪವರ್ ಬ್ಯಾಂಕ್ ಮೇಲೆ 65 ವ್ಯಾಟ್ ಅಂತ ಬರೆದಿದ್ದರೆ ಸಾಲದು, ಕೇಬಲ್ಲೂ ಅಷ್ಟನ್ನು ಹೊರಬೇಕು. ಮಾಮೂಲಿ ಟೈಪ್-ಸಿ ಕೇಬಲ್ 3 ಆಂಪಿಯರ್‌ನದು, 20 ವೋಲ್ಟಿಗೆ 60 ವ್ಯಾಟ್ ಮಾತ್ರ. 5 ಆಂಪಿಯರ್ ಕೇಬಲ್ ಅಂತಲೇ ಕೇಳಿ ತಗೊಳ್ಳಿ.

ಆಟದ ವಿಷಯಕ್ಕೆ ಬಂದರೆ, 2560x1600ರಲ್ಲಿ ಆಡೋಕೆ ಹೋಗಲೇಬೇಡಿ. 1280x800ಕ್ಕೆ ಇಳಿಸಿ. ಅದು ಅಡ್ಡಕ್ಕೂ ಉದ್ದಕ್ಕೂ ಸರಿಯಾಗಿ ಅರ್ಧ, ಹಾಗಾಗಿ ಇಂಟಿಜರ್ ಸ್ಕೇಲಿಂಗ್ ಆನ್ ಮಾಡಿದರೆ ಆಟದ ಒಂದು ಪಿಕ್ಸೆಲ್ ಪರದೆಯ ನಾಲ್ಕು ಪಿಕ್ಸೆಲ್‌ನಲ್ಲಿ ಲೆಕ್ಕಕ್ಕೆ ಕೂತುಬಿಡುತ್ತದೆ, ಮಸುಕಾಗುವುದಿಲ್ಲ. ಇನ್ನೊಂದು, ಈ ಪರದೆ 144 ಹರ್ಟ್ಜ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಮೂಡಿಸುತ್ತದೆ. ಭಾರದ ಗೇಮ್ ಸೆಕೆಂಡಿಗೆ 60 ಫ್ರೇಮ್ ಮುಟ್ಟದೆ 45ಕ್ಕೂ 55ಕ್ಕೂ ಓಲಾಡುತ್ತಿದ್ದರೆ 48ಕ್ಕೆ ಕಟ್ಟಿಹಾಕಿ. 48 ಮೂರಲೆ 144, ಪ್ರತಿ ಫ್ರೇಮೂ ಪರದೆ ಮೇಲೆ ಸಮನಾಗಿ ಮೂರು ಸಲ ನಿಲ್ಲುತ್ತದೆ, ಕಣ್ಣಿಗೆ ಎಡವುವುದಿಲ್ಲ. ನಾನು 'ರಾಜಿ' ಆಡಿದ್ದು ಹೀಗೇ. ಪುಣೆಯ ಹುಡುಗರು ಮಾಡಿ 2020ರಲ್ಲಿ ಬಿಟ್ಟ ಗೇಮ್ ಅದು, ಕೋಟೆಯ ಗೋಡೆ ಹತ್ತುತ್ತಾ ತಮ್ಮನನ್ನು ಹುಡುಕುವ ಹುಡುಗಿಯ ಕತೆ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು, 15 ವ್ಯಾಟಿನಲ್ಲಿ. ನಮ್ಮದೇ ಬಣ್ಣ, ನಮ್ಮದೇ ಕಂಬ ಕೆತ್ತನೆ ಅಂಗೈ ಮೇಲೆ ಕಾಣುವಾಗ ಆಗುವ ಖುಷಿಯೇ ಬೇರೆ.

ಬರೆಯುವ ಏರ್ಪಾಡು ಕುದುರಲು ಮೂರು ತಿಂಗಳು ಬೇಕಾಯಿತು. ಇದನ್ನು ಲ್ಯಾಪ್‌ಟಾಪ್ ಅಂದರೂ ತೊಡೆ ಮೇಲೆ ಇದು ಕೂರುವುದಿಲ್ಲ, ಸ್ಟ್ಯಾಂಡಿಗೆ ಗಟ್ಟಿ ನೆಲ ಬೇಕು. ಜನಶತಾಬ್ದಿಯಲ್ಲಿ ಒಂದು ಸಲ ಇಡೀ ದಾರಿ ಮೊಣಕಾಲು ಜೋಡಿಸಿಕೊಂಡು ಕೂತು ಸೊಂಟ ಹಿಡಿದುಕೊಂಡಿತು. ಪರಿಹಾರ ಸಿಕ್ಕಿದ್ದು ನಮ್ಮ ಬೀದಿಯ ಸ್ಟೇಷನರಿ ಅಂಗಡಿಯಲ್ಲಿ. ಮಕ್ಕಳು ಪರೀಕ್ಷೆಗೆ ಒಯ್ಯುವ ಪ್ಯಾಡ್! ಕ್ಲಿಪ್ ಇರುವ ಕಡೆ ಮೇಲೆ ಬರುವ ಹಾಗೆ ತೊಡೆ ಮೇಲಿಟ್ಟು, ಸ್ಟ್ಯಾಂಡಿನ ಕಾಲನ್ನು ಕ್ಲಿಪ್ಪಿಗೆ ಆನಿಸಿದರೆ ಹಿಂದಕ್ಕೆ ಜಾರುವುದಿಲ್ಲ. ಕೆಳಗಿನ ಅರ್ಧದಲ್ಲಿ ಕೀಬೋರ್ಡ್. ಬೆಂಗಳೂರು ಬರುವಷ್ಟರಲ್ಲಿ ಈಗ ಹತ್ತು ನಿಮಿಷದ ವಿಡಿಯೊದ ಕೆಲಸ ಮುಗಿದಿರುತ್ತದೆ.

ಕೀಬೋರ್ಡ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮೊದಲು ಮಡಚುವ ಬ್ಲೂಟೂತ್ ಕೀಬೋರ್ಡ್ ಕೊಂಡಿದ್ದೆ, ಜೇಬಿನಲ್ಲಿ ಹಿಡಿಯುತ್ತದೆ ಅನ್ನುವ ಆಸೆಗೆ. ನಾನು ಬಳಸುವುದು ನುಡಿ ವಿನ್ಯಾಸ. ಅದರಲ್ಲಿ ಒತ್ತು ಬರಬೇಕಾದರೆ ಪ್ರತಿ ಸಲ ಎಫ್ ಒತ್ತಬೇಕು. 'ಅಕ್ಕ' ಬರೆದರೆ ಒಂದು ಎಫ್, 'ರಾಷ್ಟ್ರ' ಬರೆದರೆ ಎರಡು ಎಫ್. ಕನ್ನಡದಲ್ಲಿ ಒತ್ತಕ್ಷರ ಇಲ್ಲದ ಸಾಲು ಎಲ್ಲಿದೆ? ಎರಡೇ ತಿಂಗಳಿಗೆ ಆ ಎಫ್ ಕೀ ಸಡಿಲವಾಯಿತು, ಒಂದು ಸಲ ಒತ್ತಿದರೆ ಬರಲ್ಲ, ಜೋರಾಗಿ ಒತ್ತಿದರೆ ಎರಡು ಬರುತ್ತದೆ. ಈಗ ಇರುವುದು ಮಡಚದ, ಹತ್ತು ಇಂಚಿನ ಗಟ್ಟಿ ಕೀಬೋರ್ಡ್. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಎಫ್ ಕೀಯನ್ನು ಐವತ್ತು ಸಲ ಒತ್ತಿ ನೋಡಿದೆ, ಅಂಗಡಿಯವರು ಪಾಪ ಏನೂ ಅನ್ನಲಿಲ್ಲ. ಪರದೆ ಮೇಲೆ ಮೂಡುವ ಟಚ್ ಕೀಬೋರ್ಡ್ ಅರ್ಧ ಪರದೆ ನುಂಗುತ್ತದೆ, ಅದು ವೈಫೈ ಪಾಸ್‌ವರ್ಡ್ ಹಾಕೋಕೆ ಸರಿ.

ಅಮ್ಮನ ಟ್ಯಾಬ್ ಆಗಿ ಇದು ನನ್ನ ನಿರೀಕ್ಷೆಗಿಂತ ಚೆನ್ನಾಗಿ ನಡೆಯಿತು. ಕಂಟ್ರೋಲರ್ ಸೇರಿ 854 ಗ್ರಾಂ, ಎರಡನ್ನೂ ಕಳಚಿದರೆ 640. ಮಾಮೂಲಿ ಟ್ಯಾಬ್‌ಗಿಂತ ಭಾರವೇ, ಮಲಗಿಕೊಂಡು ಹಿಡಿಯೋಕೆ ಆಗಲ್ಲ. ಆದರೆ ಅಮ್ಮ ಹಿಡಿಯುವುದೇ ಇಲ್ಲ. ಅಡುಗೆಮನೆ ಕಟ್ಟೆ ಮೇಲೆ ನಿಲ್ಲಿಸಿ, ಅವರೆಕಾಳು ಬಿಡಿಸುತ್ತಾ ತಾಳಮದ್ದಲೆ ಕೇಳುತ್ತಾರೆ. "ಇದಕ್ಕೆ ಕಾಲಿದೆ, ಒಳ್ಳೇದಾಯ್ತು ಕಣೋ, ಸಕ್ಕರೆ ಡಬ್ಬಕ್ಕೆ ಒರಗಿಸೋದು ತಪ್ಪಿತು" ಅಂದರು. ಅವರಿಗಾಗಿ ಬೇರೆ ಯೂಸರ್ ಅಕೌಂಟ್ ಮಾಡಿ, ಅಕ್ಷರ ಎರಡೂವರೆ ಪಟ್ಟು ಮಾಡಿ ಇಟ್ಟಿದ್ದೇನೆ. ನನ್ನ ಕೆಲಸದ ಫೈಲ್‌ಗಳು ಅಲ್ಲಿ ಕಾಣುವುದಿಲ್ಲ, ಅದು ಮುಖ್ಯ.

ಮನೆಯ ಮೇಜಿನ ಮೇಲೆ ಹಬ್ (ಒಂದೇ ಟೈಪ್-ಸಿ ಕಿಂಡಿಗೆ ಹಲವು ಸಾಧನ ಜೋಡಿಸುವ ಪೆಟ್ಟಿಗೆ) ಹಾಕಿ 4ಕೆ ಮಾನಿಟರಿಗೆ ಜೋಡಿಸುತ್ತೇನೆ. ಟೈಪ್-ಸಿ ಮೇಲೊಂದು ಕೆಳಗೊಂದು ಇದೆ, ನಿಲ್ಲಿಸಿದಾಗ ಕೆಳಗಿನದು ಸಿಗಲ್ಲ, ಮೇಲಿನದರಲ್ಲೇ ಎಲ್ಲ. ಮೊದಲು ತಂದ ಅಗ್ಗದ ಹಬ್ಬಿನಲ್ಲಿ ಮೌಸ್ ಅಂಟಿಕೊಂಡ ಹಾಗೆ ಓಡುತ್ತಿತ್ತು. ಒಂದು ವಾರ ಯಂತ್ರವೇ ನಿಧಾನ ಅಂದುಕೊಂಡು ಏನೇನೋ ಅನ್‌ಇನ್‌ಸ್ಟಾಲ್ ಮಾಡಿದೆ. ನೋಡಿದರೆ ಆ ಹಬ್ 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸುವಂಥದ್ದು. ಡಬ್ಬದ ಮೇಲೆ 4ಕೆ ಅಂತ ದೊಡ್ಡಕ್ಷರ, 30 ಹರ್ಟ್ಜ್ ಅಂತ ಚಿಕ್ಕಕ್ಷರ. 60 ಹರ್ಟ್ಜ್‌ನದು ತಂದ ಮೇಲೆ ಸರಿಹೋಯಿತು.

ಬ್ಯಾಗಿನ ಬಿಸಿಯ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಒಂದು ದಿನ ಸ್ಲೀಪ್‌ಗೆ ಹಾಕಿ ಬ್ಯಾಗಿಗೆ ತುರುಕಿ ಬಸ್ಸು ಹತ್ತಿದೆ. ಎರಡು ಗಂಟೆ ಆದ ಮೇಲೆ ತೆಗೆದರೆ ಈಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಬಿಸಿ, ಚಾರ್ಜ್ ಅರ್ಧ ಖಾಲಿ. ಈಗಿನ ಲ್ಯಾಪ್‌ಟಾಪ್‌ಗಳ ಸ್ಲೀಪ್ ಪೂರ್ತಿ ನಿದ್ದೆ ಅಲ್ಲ, ಮೊಬೈಲಿನ ಹಾಗೆ ನಡುನಡುವೆ ಎದ್ದು ಅಪ್‌ಡೇಟ್, ಮೇಲ್ ನೋಡಿಕೊಳ್ಳುತ್ತದೆ. ಎಚ್ಚರವಾದದ್ದು ಮತ್ತೆ ಮಲಗದಿದ್ದರೆ ಬ್ಯಾಗಿನೊಳಗೆ ಗಾಳಿ ಎಲ್ಲಿಂದ ಬರಬೇಕು? ಅಂದೇ ಪವರ್ ಬಟನ್ ಒತ್ತಿದರೆ ಹೈಬರ್ನೇಟ್ ಆಗುವ, ಅಂದರೆ ತೆರೆದ ಕೆಲಸವನ್ನು ಉಳಿಸಿಟ್ಟು ಪೂರ್ತಿ ಆರುವ ಹಾಗೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬದಲಿಸಿದೆ. ಏಳೋಕೆ ಕೆಲವು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ, ಬ್ಯಾಗ್ ತಣ್ಣಗಿರುತ್ತದೆ.

ಇನ್ನೂ ಬಗೆಹರಿಯದ್ದು ಮೆಮೊರಿ. 16 ಜಿಬಿ ಇದೆ, ಆದರೆ ಗ್ರಾಫಿಕ್ಸೂ ಅದರಲ್ಲೇ ಪಾಲು ಪಡೆಯಬೇಕು. ಆಟಕ್ಕೆ ಅಂತ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್) 6 ಜಿಬಿ ಎತ್ತಿಟ್ಟರೆ ಕೆಲಸಕ್ಕೆ 10 ಉಳಿಯುತ್ತದೆ, ವಿಡಿಯೊ, ಸಬ್‌ಟೈಟಲ್ ಸಾಫ್ಟ್‌ವೇರ್, ನಿಘಂಟಿನ ಇಪ್ಪತ್ತು ಟ್ಯಾಬ್ ಎಲ್ಲ ಸೇರಿದರೆ ಏದುಸಿರು ಬಿಡುತ್ತದೆ. ಮೆಮೊರಿ ಬೋರ್ಡಿಗೇ ಬೆಸೆದಿರುವುದರಿಂದ ಆಮೇಲೆ ಸೇರಿಸೋಕೂ ಬರಲ್ಲ. ನಾನು 4ಕ್ಕೆ ಇಟ್ಟುಕೊಂಡಿದ್ದೇನೆ, ಎರಡು ಕಡೆಗೂ ಸ್ವಲ್ಪ ಸ್ವಲ್ಪ ಕೊರತೆ. ಈಗ ಕೊಳ್ಳುವವರು ನೀವಾದರೆ, ಕೆಲಸ ಆಟ ಎರಡೂ ಇದರಲ್ಲೇ ಅಂತಿದ್ದರೆ, 24 ಅಥವಾ 32 ಜಿಬಿ ಇರುವುದನ್ನೇ ಹುಡುಕಿ.