ಪ್ರೀಮಿಯರ್ ಪದ್ಮಿನಿಯನ್ನು ರೇಸಿಂಗ್ ಸಿಮ್ಯುಲೇಟರ್‌ಗೆ ತರುವುದು ಹೇಗೆ?

ನಮ್ಮ ಬೀದಿಯ ನಿವೃತ್ತ ಮೇಷ್ಟ್ರ ಮನೆಯಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಇದೆ. ಗೇರ್ ಲಿವರ್ ಸ್ಟೀರಿಂಗ್ ಪಕ್ಕದಲ್ಲಿರುವ ಹಳೇ ಮಾದರಿ. ಭಾನುವಾರ ಬೆಳಿಗ್ಗೆ ಈಗಲೂ ಸ್ಟಾರ್ಟ್ ಆಗುತ್ತೆ. ಆ ಕಾರನ್ನು ನಾನು ಕಂಪ್ಯೂಟರ್‌ನ ರೇಸಿಂಗ್ ಸಿಮ್ಯುಲೇಟರ್ ಒಳಗೆ, ಅಂದರೆ ನಿಜದ ಹಾಗೆ ಕಾರು ಓಡಿಸುವ ಆಟದೊಳಗೆ, ಇಳಿಸಿದೆ. ಸಂಜೆ ಹೊತ್ತು ಮಾತ್ರ ಕೂತು ಮಾಡಿದ್ದಕ್ಕೆ ಎಂಟು ತಿಂಗಳು ಹಿಡಿಯಿತು. ಹೀಗೆ ಆಟ ತಯಾರಿಸಿದವರಲ್ಲದೆ ಬೇರೆಯವರು ಮಾಡಿ ಸೇರಿಸುವ ಕಾರಿಗೆ ‘ಮಾಡ್’ ಅನ್ನುತ್ತಾರೆ. ನಿಮಗೂ ಮನೆಯ ಹಳೇ ಕಾರಿನ ಮೇಲೆ ಪ್ರೀತಿ ಇದ್ದರೆ, ಸ್ವಲ್ಪ ತಾಳ್ಮೆಯೂ ಇದ್ದರೆ, ನೀವೂ ಮಾಡಬಹುದು.

ನಾನು ಆರಿಸಿಕೊಂಡದ್ದು ಅಸೆಟ್ಟೊ ಕೋರ್ಸಾ. ಇಟಲಿಯ ಕುನೋಸ್ ಸಿಮುಲಾಜಿಯೋನಿ ಕಂಪನಿಯ ಆಟ. 2014ರ ಡಿಸೆಂಬರ್‌ನಲ್ಲಿ ಪೂರ್ತಿ ರೂಪದಲ್ಲಿ ಬಂತು. ವರ್ಷಗಳಾದರೂ ಮಾಡ್ ಮಾಡುವವರು ಇದನ್ನು ಬಿಟ್ಟಿಲ್ಲ. ಕಾರಿನ ತೂಕ, ಎಂಜಿನ್, ಸಸ್ಪೆನ್ಷನ್ ಎಲ್ಲವೂ ನೋಟ್‌ಪ್ಯಾಡ್‌ನಲ್ಲಿ ತೆರೆದು ತಿದ್ದಬಹುದಾದ ಸಾದಾ ಅಕ್ಷರದ ಫೈಲುಗಳಲ್ಲಿವೆ. ನಮ್ಮ ಕಾರಿನ ಮೂಲವೂ ಇಟಲಿಯೇ. ಫಿಯಟ್ ಎಂಜಿನಿಯರ್ ಡಾಂಟೆ ಜಿಯಕೋಸಾ ಕೈಯಲ್ಲಿ ರೂಪುಗೊಂಡ ಫಿಯಟ್ 1100ರ ಹೊಸ ರೂಪ (1100/103) ಬಂದದ್ದು 1953ರಲ್ಲಿ. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಅದನ್ನು ತಯಾರಿಸಿತು. ‘ಪದ್ಮಿನಿ’ ಅನ್ನುವ ಹೆಸರು ಬಂದದ್ದು 1974ರಲ್ಲಿ. ಇದು ರೇಸ್ ಕಾಣದ ಕಾರು ಅಂದುಕೊಳ್ಳಬೇಡಿ. ಮದರಾಸಿನ ಹತ್ತಿರ ಶೋಲಾವರಂನ ಹಳೇ ವಿಮಾನ ಓಡುದಾರಿಯಲ್ಲಿ ಫಿಯಟ್ 1100 ಕಾರುಗಳು ಎಷ್ಟೋ ವರ್ಷ ಓಡಿವೆ.

ಬೇಕಾದ ಸಾಮಾನು

ಆಟದ ಪಿಸಿ ಆವೃತ್ತಿ ಬೇಕು. ಕಾರಿನ ಆಕಾರ ಕಟ್ಟಲು ಬ್ಲೆಂಡರ್ ಬೇಕು, ಅದು ಉಚಿತ. ಕೆಎಸ್‌ಎಡಿಟರ್ (ಕಟ್ಟಿದ ಆಕಾರವನ್ನು ಆಟ ಓದುವ ಫೈಲ್ ಮಾಡುವ ಸಾಧನ) ಆಟದ ಜೊತೆಯಲ್ಲೇ ಬರುತ್ತೆ, ಎಸ್‌ಡಿಕೆ ಫೋಲ್ಡರ್‌ನಲ್ಲಿ ಹುಡುಕಿ. ಬಣ್ಣ, ಚಿತ್ರಗಳಿಗೆ ಗಿಂಪ್ ಸಾಕು. ಶಬ್ದಕ್ಕೆ ಎಫ್‌ಮಾಡ್ ಸ್ಟುಡಿಯೊ. ಇದರಲ್ಲಿ ಹೊಸ ಆವೃತ್ತಿ ನಡೆಯಲ್ಲ, 1.08 ಸರಣಿಯದ್ದೇ ಬೇಕು. ಜೊತೆಗೆ ಕಂಟೆಂಟ್ ಮ್ಯಾನೇಜರ್ ಅನ್ನುವ, ಆಟದ ಕಾರುಗಳನ್ನು ನೋಡಿಕೊಳ್ಳುವ ತಂತ್ರಾಂಶ ಹಾಕಿಕೊಳ್ಳಿ. ತಪ್ಪು ಹುಡುಕಲು, ಶೋರೂಮ್‌ನಲ್ಲಿ ಕಾರು ನೋಡಲು ಅದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ.

ಇದೆಲ್ಲಕ್ಕಿಂತ ಮುಂಚೆ ಒಂದು ಟೇಪು, ಒಂದು ಚಾಕ್‌ಪೀಸ್, ಮತ್ತು ನಿಜವಾದ ಕಾರು.

ಮೊದಲು ಅಳತೆ

ತುಂಬಾ ಜನ ಇಂಟರ್‌ನೆಟ್‌ನಲ್ಲಿ ಸಿಕ್ಕ ನಕ್ಷೆ ಇಟ್ಟುಕೊಂಡು ನೇರ ಬ್ಲೆಂಡರ್‌ಗೆ ಹೋಗುತ್ತಾರೆ. ಹಾಗೆ ಮಾಡಬೇಡಿ. ನಕ್ಷೆಯಲ್ಲಿ ಪಕ್ಕದ ನೋಟಕ್ಕೂ ಮುಂದಿನ ನೋಟಕ್ಕೂ ಎಷ್ಟೋ ಸಲ ತಾಳೆಯೇ ಆಗಲ್ಲ. ಪದ್ಮಿನಿಯ ಎರಡು ಆಕ್ಸಲ್ ನಡುವಿನ ಅಂತರ 2340 ಮಿಲಿಮೀಟರ್. ನಿಮ್ಮ ನಕ್ಷೆಯನ್ನು ಈ ಅಂತರಕ್ಕೆ ಹೊಂದಿಸಿ, ಆಮೇಲೆ ಉದ್ದ, ಅಗಲ, ಎತ್ತರ ಸರಿಬರುತ್ತಾ ನೋಡಿ. ಬರದಿದ್ದರೆ ಆ ನಕ್ಷೆ ಬಿಟ್ಟುಬಿಡಿ.

ಫೋಟೊ ತೆಗೆಯುವಾಗ ಹತ್ತಿರ ನಿಲ್ಲಬೇಡಿ. ಹತ್ತಿರದಿಂದ ತೆಗೆದರೆ ಬಾನೆಟ್ ಉಬ್ಬಿದ ಹಾಗೆ ಕಾಣುತ್ತೆ. ಇಪ್ಪತ್ತು ಮೂವತ್ತು ಅಡಿ ಹಿಂದೆ ಸರಿದು, ಕ್ಯಾಮೆರಾವನ್ನು ಚಕ್ರದ ನಡುಮಟ್ಟಕ್ಕೆ ಇಳಿಸಿ, ಜೂಮ್ ಮಾಡಿ ತೆಗೆಯಿರಿ.

ಟಯರಿನ ಅಳತೆಗೆ ಒಂದು ಸುಲಭ ದಾರಿ ಇದೆ. ಟಯರು ನೆಲ ಮುಟ್ಟುವ ಜಾಗದಲ್ಲಿ ಟಯರಿಗೂ ನೆಲಕ್ಕೂ ಚಾಕ್‌ಪೀಸ್‌ನಲ್ಲಿ ಗೆರೆ ಎಳೆಯಿರಿ. ಕಾರನ್ನು ಮೆಲ್ಲಗೆ ತಳ್ಳಿ. ಟಯರಿನ ಗೆರೆ ಒಂದು ಸುತ್ತು ಬಂದು ಮತ್ತೆ ನೆಲ ಮುಟ್ಟಿದಾಗ ಅಲ್ಲೊಂದು ಗೆರೆ. ನೆಲದ ಎರಡು ಗೆರೆಗಳ ನಡುವೆ ನಮಗೆ ಸಿಕ್ಕದ್ದು 187 ಸೆಂಟಿಮೀಟರ್. ಅದನ್ನು 6.28ರಿಂದ (ಪೈಯ ಎರಡರಷ್ಟು) ಭಾಗಿಸಿದರೆ 29.8 ಸೆಂಟಿಮೀಟರ್. ಕಾರಿನ ಭಾರ ಹೊತ್ತಾಗ ಚಕ್ರದ ತ್ರಿಜ್ಯ ಅಷ್ಟು.

ತೂಕಕ್ಕೆ ಊರಾಚೆಯ ವೇಬ್ರಿಡ್ಜ್‌ಗೆ ಹೋದೆವು. ಪೂರ್ತಿ ಕಾರು ಒಂದು ಸಲ, ಮುಂದಿನ ಎರಡು ಚಕ್ರ ಮಾತ್ರ ಒಂದು ಸಲ. ಒಟ್ಟು 900 ಕೆ.ಜಿ., ಮುಂದೆ 470. ಅಂದರೆ ಮುಂದಿನ ಚಕ್ರಗಳ ಮೇಲೆ ನೂರಕ್ಕೆ 52 ಪಾಲು. ಈ 0.52 ಆಮೇಲೆ ಸಸ್ಪೆನ್ಷನ್ ಫೈಲಿಗೆ ಹೋಗುತ್ತೆ.

ಸ್ಪ್ರಿಂಗ್ ಎಷ್ಟು ಗಟ್ಟಿ ಅಂತ ತಿಳಿಯುವುದು ಹೇಗೆ? ಅಕ್ಕಿ ಮೂಟೆಯಿಂದ. 25 ಕೆ.ಜಿ.ಯ ನಾಲ್ಕು ಮೂಟೆಗಳನ್ನು ಹಿಂದಿನ ಸೀಟಿನಲ್ಲಿಟ್ಟೆವು. ಡಿಕ್ಕಿಯಲ್ಲಿ ಇಡಬೇಡಿ. ಅದು ಆಕ್ಸಲ್‌ನಿಂದ ತುಂಬಾ ಹಿಂದಿದೆ, ಮುಂಭಾಗ ಎದ್ದು ಲೆಕ್ಕ ಕೆಡುತ್ತೆ. ಹಿಂದಿನ ಲೀಫ್ ಸ್ಪ್ರಿಂಗ್‌ನ ಪಟ್ಟಿಗಳು ಒಂದಕ್ಕೊಂದು ಉಜ್ಜಿ ಹಿಡಿದುಕೊಂಡಿರುತ್ತವೆ. ಅದಕ್ಕೆ ಅಳೆಯುವ ಮುಂಚೆ ಕಾರನ್ನು ಎರಡು ಮೂರು ಸಲ ಒತ್ತಿ ಕುಲುಕಿ. ನಮ್ಮ ಕಾರಿನ ಹಿಂಭಾಗ 2.6 ಸೆಂಟಿಮೀಟರ್ ಇಳಿಯಿತು. 100 ಕೆ.ಜಿ. ಅಂದರೆ 981 ನ್ಯೂಟನ್. ಅದನ್ನು 0.026 ಮೀಟರ್‌ನಿಂದ ಭಾಗಿಸಿ, ಎರಡು ಚಕ್ರಕ್ಕೆ ಹಂಚಿದರೆ ಚಕ್ರವೊಂದಕ್ಕೆ ಮೀಟರಿಗೆ ಸುಮಾರು 19,000 ನ್ಯೂಟನ್. ಆಟ ಕೇಳುವುದೂ ಇದೇ ಲೆಕ್ಕವನ್ನು.

ಗೇರ್ ಅನುಪಾತ ವರ್ಕ್‌ಶಾಪ್ ಪುಸ್ತಕದಲ್ಲಿ ಸಿಗುತ್ತೆ. ಆದರೆ ಹಳೇ ಕಾರುಗಳಿಗೆ ಎಷ್ಟೋ ಸಲ ಬೇರೆ ಗೇರ್‌ಬಾಕ್ಸ್ ಕೂತಿರುತ್ತೆ, ಆದ್ದರಿಂದ ನಾವು ಎಣಿಸಿಯೇ ನೋಡಿದೆವು. ಕೆಲಸ ಮಾಡಿಕೊಟ್ಟದ್ದು ಮೇಷ್ಟ್ರ ಕಾರನ್ನು ಮೂವತ್ತು ವರ್ಷದಿಂದ ನೋಡಿಕೊಳ್ಳುತ್ತಿರುವ ಮೆಕ್ಯಾನಿಕ್. ಇಗ್ನಿಷನ್ ಆಫ್, ಸ್ಪಾರ್ಕ್ ಪ್ಲಗ್ ನಾಲ್ಕೂ ಹೊರಗೆ, ಮುಂದಿನ ಚಕ್ರಕ್ಕೆ ಅಡ್ಡ ಕಲ್ಲು, ಹಿಂದಿನ ಒಂದು ಚಕ್ರ ಮಾತ್ರ ಜಾಕ್ ಮೇಲೆ, ಕೆಳಗೆ ಭದ್ರವಾದ ಸ್ಟ್ಯಾಂಡು. ಅವರು ಮುಂದಿನಿಂದ ಎಂಜಿನ್ನಿನ ಹ್ಯಾಂಡಲ್ ತಿರುಗಿಸಿದರು, ನಾನು ಚಕ್ರದ ಗೆರೆ ನೋಡುತ್ತಾ ಸುತ್ತು ಎಣಿಸಿದೆ. ಒಂದು ಚಕ್ರ ನೆಲದ ಮೇಲೆ ನಿಂತಿದ್ದರೆ ಎತ್ತಿದ ಚಕ್ರ ಎರಡು ಪಟ್ಟು ಜೋರಾಗಿ ತಿರುಗುತ್ತೆ. ಡಿಫರೆನ್ಷಿಯಲ್‌ನ (ಹಿಂದಿನ ಎರಡು ಚಕ್ರಕ್ಕೆ ತಿರುಗುವಿಕೆ ಹಂಚುವ ಗೇರ್ ಜೋಡಣೆ) ಗುಣ ಅದು. ಹಾಗಾಗಿ ಚಕ್ರದ ಒಂದು ಸುತ್ತಿಗೆ ಹ್ಯಾಂಡಲ್ ಎಷ್ಟು ಸುತ್ತು ಅಂತ ಬಂತೋ ಅದನ್ನು ಎರಡರಿಂದ ಗುಣಿಸಬೇಕು.

ಆಕಾರ ಕಟ್ಟುವುದು

ಬ್ಲೆಂಡರ್‌ನಲ್ಲಿ ಅಳತೆ ಮೀಟರಿಗೆ ಇಟ್ಟುಕೊಳ್ಳಿ. ಅರ್ಧ ಕಾರು ಕಟ್ಟಿ, ಇನ್ನರ್ಧವನ್ನು ಮಿರರ್ ಮಾಡಿ. ಪದ್ಮಿನಿಯಲ್ಲಿ ಕಷ್ಟದ ಜಾಗ ಹಿಂಭಾಗ. ಮಡ್‌ಗಾರ್ಡ್‌ನ ಮೇಲಂಚು ಹಿಂದಕ್ಕೆ ಹೋಗ್ತಾ ಸಣ್ಣ ರೆಕ್ಕೆಯ ಹಾಗೆ ಎದ್ದು ದೀಪದ ಹತ್ತಿರ ಮುಗಿಯುತ್ತೆ. ಅಲ್ಲಿ ಗೆರೆ ಒಂದು ಚೂರು ತಪ್ಪಿದರೂ ಕಾರಿನ ಮುಖವೇ ಬದಲಾದ ಹಾಗೆ ಕಾಣುತ್ತೆ. ನಾನು ಆ ಒಂದು ಮೂಲೆಗೆ ಮೂರು ವಾರ ಕೂತೆ.

ಹತ್ತಿರದಿಂದ ಕಾಣುವ ಮಾದರಿಗೆ ಒಂದು ಲಕ್ಷದ ಆಸುಪಾಸು ತ್ರಿಕೋನ ಸಾಕು; ಕಂಪ್ಯೂಟರ್ ಆಕಾರವನ್ನು ಕಟ್ಟುವುದು ತ್ರಿಕೋನಗಳಿಂದಲೇ. ದೂರದಿಂದ ಕಾಣುವಾಗ ಆಟ ಹಗುರ ಮಾದರಿ ತೋರಿಸುತ್ತೆ, ಅವನ್ನೂ ಮಾಡಿಕೊಡಬೇಕು. ಬೇಡ ಅಂತ ಬಿಟ್ಟರೆ ಇಪ್ಪತ್ತು ಪದ್ಮಿನಿ ಒಟ್ಟಿಗೆ ನಿಂತಾಗ ಕಂಪ್ಯೂಟರ್ ತೆವಳುತ್ತೆ.

ಹೆಸರುಗಳಲ್ಲಿ ಎಚ್ಚರ ಇರಲಿ. ಎಡ ಮುಂದಿನ ಚಕ್ರಕ್ಕೆ ‘ವೀಲ್’ ಅಂತ ಬರೆದು, ಅಂಡರ್‌ಸ್ಕೋರ್ ಹಾಕಿ ‘ಎಲ್‌ಎಫ್’ ಅಂತಲೇ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಇಡಬೇಕು. ಉಳಿದ ಮೂರಕ್ಕೂ ಇದೇ ಕ್ರಮ. ಪ್ರತಿ ಚಕ್ರದ ಮೂಲಬಿಂದು ಚಕ್ರದ ನಟ್ಟನಡುವೆ ಇರಲಿ. ಇಲ್ಲದಿದ್ದರೆ ಚಕ್ರ ಮೊಟ್ಟೆಯ ಹಾಗೆ ಕುಣಿಯುತ್ತೆ.

ಎಫ್‌ಬಿಎಕ್ಸ್ ರೂಪದಲ್ಲಿ ಹೊರತೆಗೆಯುವಾಗ ಸ್ಕೇಲ್ ಆಯ್ಕೆಯನ್ನು ‘ಎಫ್‌ಬಿಎಕ್ಸ್ ಆಲ್’ ಮಾಡಿ. ಇಲ್ಲದಿದ್ದರೆ ಅಳತೆ ನೂರು ಪಟ್ಟು ಆಚೀಚೆ ಆಗುತ್ತೆ. ಆಮೇಲೆ ಕೆಎಸ್‌ಎಡಿಟರ್‌ನಲ್ಲಿ ಒಂದೊಂದು ಭಾಗಕ್ಕೂ ತಕ್ಕ ಶೇಡರ್ (ಮೇಲ್ಮೈ ಹೇಗೆ ಹೊಳೆಯಬೇಕು ಅನ್ನುವ ಸೂಚನೆ) ಹಾಕಿ. ಗಾಜು, ಟಯರು, ಬಾಡಿ ಎಲ್ಲಕ್ಕೂ ಬೇರೆ ಬೇರೆ ಇವೆ. ಕೊನೆಗೆ ಕೆಎನ್5 ಫೈಲ್ ಮಾಡಿಕೊಳ್ಳಿ. ಬಂಪರ್‌ನ ಕ್ರೋಮ್‌ಗೆ ಕನ್ನಡಿಯಂಥ ಹೊಳಪು ಕೊಡಬೇಡಿ. ನಲವತ್ತು ವರ್ಷದ ಕ್ರೋಮ್ ಹಾಗೆ ಹೊಳೆಯಲ್ಲ, ಅಲ್ವಾ?

ನಡತೆ ತುಂಬುವುದು

ಕಾರು ಈಗ ನೋಡಲು ಪದ್ಮಿನಿ. ಓಡಿಸಲು ಇನ್ನೂ ಅಲ್ಲ. ಡೇಟಾ ಫೋಲ್ಡರ್‌ನ ಫೈಲುಗಳಿಗೆ ನಮ್ಮ ಅಳತೆ ತುಂಬಬೇಕು. ರಚನೆ ಅರ್ಥವಾಗಲು ಆಟದ ಒಂದು ಮೂಲ ಕಾರಿನ ಡೇಟಾವನ್ನು ಕಂಟೆಂಟ್ ಮ್ಯಾನೇಜರ್‌ನಲ್ಲಿ ಬಿಚ್ಚಿ ನೋಡಿ. ತೂಕ ಬರೆಯುವಾಗ ಚಾಲಕನನ್ನೂ ಸೇರಿಸಿ, ಪೆಟ್ರೋಲ್ ಬಿಟ್ಟು ಬರೆಯಿರಿ.

ಎಂಜಿನ್ ಶಕ್ತಿಗೆ ‘ಪವರ್ ಡಾಟ್ ಎಲ್‌ಯುಟಿ’ ಅನ್ನುವ ಫೈಲ್ ಇದೆ. ಎಡಕ್ಕೆ ಆರ್‌ಪಿಎಂ, ಬಲಕ್ಕೆ ಟಾರ್ಕ್ (ತಿರುಗಿಸುವ ಬಲ). ಪದ್ಮಿನಿಯ 1089 ಸಿಸಿ ಎಂಜಿನ್‌ನ ಶಕ್ತಿ 4800 ಆರ್‌ಪಿಎಂನಲ್ಲಿ ಸುಮಾರು 40 ಅಶ್ವಶಕ್ತಿ, ಅಂದರೆ 29.8 ಕಿಲೋವಾಟ್. ಕಿಲೋವಾಟನ್ನು 9549ರಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದರೆ ಟಾರ್ಕ್: 59 ನ್ಯೂಟನ್ ಮೀಟರ್. 3000ದ ಹತ್ತಿರ ಅದು 71ರಷ್ಟು ಇರುತ್ತೆ. ಆದರೆ ಆಟಕ್ಕೆ ಬೇಕಾದ್ದು ಚಕ್ರಕ್ಕೆ ತಲುಪುವ ಪಾಲು. ಗೇರ್‌ಬಾಕ್ಸ್, ಆಕ್ಸಲ್‌ನಲ್ಲಿ ಹೋಗುವ ನಷ್ಟಕ್ಕೆ ನೂರಕ್ಕೆ 15 ಕಳೆಯಿರಿ. ಆಗ 3000ಕ್ಕೆ 60, 4800ಕ್ಕೆ 50. ನಡುವಿನ ಅಂಕಿಗಳನ್ನು ನಯವಾದ ಗೆರೆ ಬರುವ ಹಾಗೆ ತುಂಬಿ.

ಸಸ್ಪೆನ್ಷನ್‌ನಲ್ಲಿ ಮುಂದೆ ಡಬಲ್ ವಿಷ್‌ಬೋನ್ (ಚಕ್ರ ಹಿಡಿಯುವ ಮೇಲೊಂದು ಕೆಳಗೊಂದು ತೋಳು), ಹಿಂದೆ ಆಕ್ಸಲ್ (ಎರಡೂ ಚಕ್ರ ಸೇರಿಸುವ ಒಂದೇ ದಂಡ) ಅಂತ ಆರಿಸಿ.

ನಾನು ಎಡವಿದ್ದು ಟಯರಿನಲ್ಲಿ. ಮೊದಲ ಸಲ ಬೇಗ ಮುಗಿಯಲಿ ಅಂತ ಹೊಸ ಕಾಲದ ಒಂದು ಕಾರಿನ ಟಯರ್ ಫೈಲನ್ನೇ ತಂದು ಹಾಕಿದ್ದೆ. ಕಾರು ಚೆನ್ನಾಗಿ ತಿರುಗುತ್ತಿತ್ತು, ನನಗೆ ಖುಷಿಯೋ ಖುಷಿ. ಮೆಕ್ಯಾನಿಕ್ ಅವರನ್ನು ಮನೆಗೆ ಕರೆದು ಸ್ಟೀರಿಂಗ್ ಕೊಟ್ಟೆ. ಅವರು ಎರಡು ತಿರುವು ತಿರುಗಿಸಿ ಕೈ ತೆಗೆದರು. ‘ಇದು ನಮ್ ಫಿಯಟ್ ಅಲ್ಲ ಕಣಪ್ಪ. ಇಷ್ಟೊತ್ತಿಗೆ ಟಯರು ಕೂಗ್ಬೇಕಿತ್ತು, ಗಾಡಿ ಒಂದ್ ಕಡೆ ವಾಲ್ಬೇಕಿತ್ತು’ ಅಂದರು. ಅವರ ಮಾತು ನೂರಕ್ಕೆ ನೂರು ಸರಿ.

ಪದ್ಮಿನಿಯ ಟಯರು 5.20-14 ಅಳತೆಯದ್ದು. ಐದಿಂಚು ಅಗಲದ, ಎತ್ತರ ಗೋಡೆಯ ಹಳೇ ನಮೂನೆ. ಹಿಡಿತ ಕಡಿಮೆ. ಆದರೆ ಒಮ್ಮೆಲೇ ಕೈ ಬಿಡಲ್ಲ. ಮೆಲ್ಲಗೆ ಜಾರುತ್ತಾ, ಕೂಗುತ್ತಾ ಮುಂಚಿತವಾಗಿ ಹೇಳುತ್ತೆ. ಹಾಗಾಗಿ ಹಿಡಿತದ ಅಂಕಿಯನ್ನು ಒಂದಕ್ಕಿಂತ ಕೆಳಗೆ ಇಳಿಸಿದೆ, ಟಯರು ಹಿಡಿತ ಬಿಡುವ ಮುಂಚಿನ ಜಾರುವ ಕೋನವನ್ನು ಜಾಸ್ತಿ ಮಾಡಿದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವುದರಿಂದ ಬ್ರೇಕ್ ಬಲವನ್ನೂ ಕಡಿಮೆ ಮಾಡಿದೆ. ಮೆಕ್ಯಾನಿಕ್ ಮತ್ತೆ ಬಂದಾಗ ತಿರುವಿಗೆ ತುಂಬಾ ಮುಂಚೆಯೇ ಬ್ರೇಕ್ ಒತ್ತಿದರು. ನಿಜವಾದ ಕಾರಿನಲ್ಲೂ ಅವರು ಹಾಗೇ ಮಾಡುತ್ತಾರೆ. ಹಳೇ ಕಾರಿನ ಮಾಡ್ ಮಾಡುವವರಿಗೆ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ: ಅದರ ನಿಧಾನ, ವಾಲಾಟ, ಬ್ರೇಕಿನ ಬಡತನ ಯಾವುದನ್ನೂ ರಿಪೇರಿ ಮಾಡಬೇಡಿ. ಆ ಕಾರು ಇರುವುದೇ ಅದರಲ್ಲಿ.

ಗೇರ್ ಬದಲಿಸುವ ಸಮಯವನ್ನೂ ಹೆಚ್ಚಿಸಿ. ಇನ್ನೊಂದು ಕೆಲಸವನ್ನು ಎಲ್ಲರೂ ಮರೆಯುತ್ತಾರೆ. ಬೇರೆ ಕಾರಿನ ಅನಿಮೇಷನ್ ತಂದು ಹಾಕಿದರೆ ಚಾಲಕನ ಕೈ ಗೇರಿಗಾಗಿ ನೆಲದ ಕಡೆ ಹೋಗುತ್ತೆ. ಪದ್ಮಿನಿಯಲ್ಲಿ ಅಲ್ಲಿ ಏನೂ ಇಲ್ಲ! ಎಡಗೈ ಸ್ಟೀರಿಂಗ್ ಪಕ್ಕದ ಲಿವರಿಗೆ ಹೋಗುವ ಹಾಗೆ ಹೊಸದಾಗಿ ಮಾಡಲೇಬೇಕು.

ಶಬ್ದ

ಮೇಷ್ಟ್ರ ಪದ್ಮಿನಿಯಲ್ಲಿ ಆರ್‌ಪಿಎಂ ಮೀಟರ್ ಇಲ್ಲ. ಕಿವಿಯಿಂದಲೇ ಗೇರ್ ಬದಲಿಸಬೇಕು. ಆದ್ದರಿಂದ ಶಬ್ದ ಸುಳ್ಳಾದರೆ ಓಡಿಸುವುದೂ ಸುಳ್ಳಾಗುತ್ತೆ. ಸೈಲೆನ್ಸರ್ ಹತ್ತಿರ, ಬಾನೆಟ್ ಒಳಗೆ, ಸೀಟಿನ ಮೇಲೆ ಅಂತ ಮೂರು ಕಡೆ ರೆಕಾರ್ಡ್ ಮಾಡಿ. ಸೈಲೆನ್ಸರ್ ಹೊಗೆಯ ನೇರಕ್ಕೆ ಮೈಕ್ ಇಡಬೇಡಿ, ಪಕ್ಕಕ್ಕೆ ಇಡಿ. ದಿಬ್ಬ ಹತ್ತುವಾಗಿನದ್ದೂ, ಆಕ್ಸಿಲರೇಟರ್ ಬಿಟ್ಟು ಇಳಿಯುವಾಗಿನದ್ದೂ ಬೇರೆ ಬೇರೆ ಬೇಕು.

ಮೀಟರ್ ಇಲ್ಲದೆ ಆರ್‌ಪಿಎಂ ಗೊತ್ತಾಗುವುದು ಹೇಗೆ? ರೆಕಾರ್ಡಿಂಗನ್ನು ಆಡಾಸಿಟಿ ಅನ್ನುವ ಶಬ್ದ ತಿದ್ದುವ ತಂತ್ರಾಂಶದಲ್ಲಿ ತೆರೆದು ಮುಖ್ಯ ಕಂಪನಾಂಕ ನೋಡಿ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಅದನ್ನು 30ರಿಂದ ಗುಣಿಸಿದರೆ ಆರ್‌ಪಿಎಂ. 100 ಹರ್ಟ್ಜ್ ಕಂಡರೆ 3000. ಹೀಗೆ ಗುರುತು ಹಾಕಿದ ತುಣುಕುಗಳನ್ನು ಎಫ್‌ಮಾಡ್‌ನಲ್ಲಿ ಜೋಡಿಸಿ ಬ್ಯಾಂಕ್ ಫೈಲ್ (ಆಟ ಓದುವ ಶಬ್ದದ ಫೈಲ್) ಮಾಡಿ. ಅದರ ಹೆಸರು ಕಾರಿನ ಫೋಲ್ಡರ್ ಹೆಸರೇ ಆಗಿರಬೇಕು.

ಬಣ್ಣ, ಪರೀಕ್ಷೆ, ಪ್ಯಾಕಿಂಗ್

ಬಣ್ಣಗಳು ಸ್ಕಿನ್ಸ್ ಫೋಲ್ಡರ್‌ಗೆ ಹೋಗುತ್ತವೆ. ಮುಂಬೈ ಟ್ಯಾಕ್ಸಿಯ ಕಪ್ಪು-ಹಳದಿಯನ್ನು ಮರೆಯಬೇಡಿ. 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳು ಆ ಊರಿನ ರಸ್ತೆಯಿಂದ ಹೋದವು, ಇನ್ನು ಅವು ಓಡಬಹುದಾದ ಜಾಗ ಇಂಥದ್ದೇ.

ಪರೀಕ್ಷೆಯನ್ನು ಸಮತಟ್ಟಾದ ಟ್ರ್ಯಾಕ್‌ನಲ್ಲಿ ಶುರುಮಾಡಿ. ನಾಲ್ಕನೇ ಗೇರಿನಲ್ಲಿ ಪೂರ್ತಿ ಒತ್ತಿದರೆ ವೇಗ ಗಂಟೆಗೆ 120 ಕಿ.ಮೀ.ಯ ಆಸುಪಾಸಿನಲ್ಲಿ ನಿಲ್ಲಬೇಕು. 150 ಬಂದರೆ ಗಾಳಿಯ ತಡೆಯನ್ನೋ ಟಾರ್ಕನ್ನೋ ತಪ್ಪು ಬರೆದಿದ್ದೀರಿ.

ಬೇರೆ ಆಟದಿಂದ ಕಿತ್ತು ತಂದ ಆಕಾರವನ್ನಾಗಲಿ, ಬೇರೆಯವರು ಮಾಡಿದ ಡೇಟಾವನ್ನಾಗಲಿ ಕೇಳದೆ ಬಳಸಬೇಡಿ. ಯಾರೋ ರಾತ್ರಿಗಟ್ಟಲೆ ಕೂತು ಮಾಡಿದ ಕೆಲಸ ಅದು. ಅನುಮತಿ ಪಡೆದು ಬಳಸಿದ್ದರೆ ಅವರ ಹೆಸರನ್ನು ಜೊತೆಯ ಟಿಪ್ಪಣಿಯಲ್ಲಿ ಬರೆಯಿರಿ. ಕಾರು ಕೊಟ್ಟವರ ಹೆಸರನ್ನೂ ಅವರನ್ನು ಕೇಳಿ ಹಾಕಿ.

ಕೊನೆಗೆ ಕಾರಿನ ಫೋಲ್ಡರನ್ನು ‘ಕಂಟೆಂಟ್’ ಒಳಗಿನ ‘ಕಾರ್ಸ್’ ಒಳಗೆ ಇರುವ ಹಾಗೆ ಜಿಪ್ ಮಾಡಿ, ಆವೃತ್ತಿ ಸಂಖ್ಯೆ ಹಾಕಿ. ಬ್ಲೆಂಡರ್ ಫೈಲು, ಮೂಲ ರೆಕಾರ್ಡಿಂಗು, ಅಳತೆ ಬರೆದ ನೋಟ್‌ಬುಕ್ಕಿನ ಫೋಟೊ ಇಷ್ಟನ್ನು ಎರಡು ಕಡೆ ಉಳಿಸಿಟ್ಟುಕೊಳ್ಳಿ. ಹೊರಗೆ ಬಿಟ್ಟ ವಾರದಲ್ಲೇ ಪದ್ಮಿನಿ ಇಟ್ಟುಕೊಂಡ ಯಾರಾದರೂ ಹಿಂದಿನ ದೀಪದ ಗಾಜಿನ ಬಣ್ಣ ಸರಿಯಿಲ್ಲ ಅಂತಲೋ ವೈಪರ್ ಉಲ್ಟಾ ಇದೆ ಅಂತಲೋ ಬರೆಯುತ್ತಾರೆ. ತಿದ್ದಲು ಅವೆಲ್ಲ ಬೇಕಾಗುತ್ತವೆ.